ಓಬವ್ವನಾಗಿ ಬಂದ ಬದಲಿ ಕಲಾವಿದೆ: ಚಿತ್ರದುರ್ಗದ ಒಂದು ಪ್ರದರ್ಶನ

ಕಳೆದ ವಾರ ಚಿತ್ರದುರ್ಗದ ತ.ರಾ.ಸು. ರಂಗಮಂದಿರದಲ್ಲಿ ಪ್ರವಾಸಿ ತಂಡವೊಂದು ಒನಕೆ ಓಬವ್ವನ ಕಥೆಯನ್ನು ಆಡಿತು. ಮುಖ್ಯ ನಟಿಗೆ ಜ್ವರ ಬಂದಿದ್ದರಿಂದ ಮೇಳದ ಕಲಾವಿದೆಯೊಬ್ಬರು ಓಬವ್ವನ ಪಾತ್ರ ವಹಿಸುತ್ತಾರೆ ಎಂದು ಪರದೆ ಏಳುವ ಮೊದಲೇ ನಿರ್ದೇಶಕರು ತಿಳಿಸಿದರು. ಅದನ್ನು ಕೇಳಿ ಕೆಲವರು ಎದ್ದು ಹೋದದ್ದು ನನಗೆ ನಿಜಕ್ಕೂ ನೋವು ತಂದಿತು. ಏಕೆಂದರೆ ಇಷ್ಟು ಎಚ್ಚರದಿಂದ ಕೂಡಿದ ಪ್ರದರ್ಶನವನ್ನು ನಾನು ಈಚೆಗೆ ನೋಡಿಲ್ಲ.

ದುರ್ಗದಲ್ಲಿ ಓಬವ್ವನಾಗುವುದು ಸುಲಭವಲ್ಲ. ಕಹಳೆ ಮುದ್ದಹನುಮ ಊಟಕ್ಕೆ ಬರುವುದು, ಆಕೆ ನೀರಿಗೆ ಹೋಗುವುದು, ಕಿಂಡಿಯಾಚೆ ಹೈದರಾಲಿಯ ಸೈನಿಕರ ಮಾತು ಕೇಳುವುದು, ಇದೆಲ್ಲ ಇಲ್ಲಿನ ಮಕ್ಕಳಿಗೂ ಗೊತ್ತು. ಕೋಟೆಗೆ ಹೋದವರೆಲ್ಲ ಆ ಕಿಂಡಿಯನ್ನು ಕಣ್ಣಾರೆ ಕಂಡಿದ್ದಾರೆ. ಇದೇ ನಾಟಕವನ್ನು ದಾವಣಗೆರೆಯಲ್ಲಿ ಮೂಲ ನಟಿಯ ಅಭಿನಯದಲ್ಲಿ ನೋಡಿದ್ದ ನನಗೆ ಹೋಲಿಸುವ ಅವಕಾಶವೂ ಸಿಕ್ಕಿತು. ಅವರ ಓಬವ್ವ ಮೊದಲಿನಿಂದಲೂ ವೀರಾವೇಶದವಳು. ಈ ಕಲಾವಿದೆಯ ಓಬವ್ವ, ಗಂಡ ಉಣ್ಣುತ್ತಿರುವಾಗ ಅವನನ್ನು ಎಬ್ಬಿಸಬೇಕೋ ಬೇಡವೋ ಎಂದು ಒಂದು ಕ್ಷಣ ನಿಂತು, ಅವನ ತಟ್ಟೆಯನ್ನೊಮ್ಮೆ ನೋಡಿ, ಆಮೇಲೆ ಒನಕೆ ಎತ್ತಿಕೊಂಡಳು. ಆ ತಡೆ ಮೂಲ ಪ್ರಯೋಗದಲ್ಲಿ ಇರಲಿಲ್ಲ, ಮತ್ತು ಅದು ದೃಶ್ಯದ ತೂಕವನ್ನೇ ಹೆಚ್ಚಿಸಿತು.

ಕಿಂಡಿಯ ದೃಶ್ಯವಂತೂ ಬದಲಿ ಕಲಾವಿದರ ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನು ತೋರಿಸಿತು. ಸೈನಿಕನೊಬ್ಬ ತೆವಳಿಕೊಂಡು ಬರುತ್ತಾನೆ, ಒನಕೆ ಬೀಳುತ್ತದೆ, ಮೇಳದವರು ಹೆಣವನ್ನು ಎಳೆಯುತ್ತಾರೆ, ಹಾಗೆ ಎಳೆಯಲ್ಪಟ್ಟವನೇ ಹಿಂದಿನಿಂದ ಓಡಿ ಹೋಗಿ ಮತ್ತೊಬ್ಬ ಸೈನಿಕನಾಗಿ ಕಿಂಡಿಯಲ್ಲಿ ತಲೆ ಹಾಕುತ್ತಾನೆ. ಒನಕೆ ಎಲ್ಲಿ ನಿಲ್ಲಬೇಕು, ಚಂಡೆಯ ಯಾವ ಪೆಟ್ಟಿಗೆ ಇಳಿಯಬೇಕು ಎಂಬುದರಲ್ಲಿ ಸ್ವಲ್ಪ ತಪ್ಪಿದರೂ ನಿಜವಾದ ತಲೆಗೇ ಪೆಟ್ಟು. ಅಂದು ಮಧ್ಯಾಹ್ನ ಈ ದೃಶ್ಯವೊಂದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸಿ, ಉಳಿದದ್ದನ್ನು ಆಕೆಯ ನೆನಪಿಗೆ ಬಿಟ್ಟೆವೆಂದು ನಾಟಕದ ನಂತರ ನಿರ್ದೇಶಕರು ಹೇಳಿದರು.

ಆದರೆ ಮೇಳದ ಕಲಾವಿದೆ ಓಬವ್ವನಾದರೆ ಮೇಳದಲ್ಲಿ ಆಕೆಯ ಜಾಗ ಖಾಲಿಯಾಗುತ್ತದೆ. ಅದನ್ನು ತುಂಬಿದವರು ಸಾಮಾನ್ಯವಾಗಿ ಉಡುಪಿನ ಉಸ್ತುವಾರಿ ನೋಡಿಕೊಳ್ಳುವ ಯುವತಿ. ನೆರೆಮನೆಯ ಹೆಂಗಸು, ಹಾಡುವ ಮೇಳ, ಕೊನೆಗೆ ಮುಂಡಾಸು ಸುತ್ತಿದ ಸೈನಿಕ, ಮೂರನ್ನೂ ಅವರು ನಿಭಾಯಿಸಿದ ರೀತಿಯಲ್ಲಿ ಒಂದು ಹೆಜ್ಜೆಯೂ ತಪ್ಪಲಿಲ್ಲ. ಮೇಳದ ನೃತ್ಯದಲ್ಲಿ ಯಾರೊಬ್ಬರೂ ಪಕ್ಕದವರಿಗಾಗಿ ದಾರಿ ಬಿಡಬೇಕಾಗಿ ಬರಲಿಲ್ಲ. ನನ್ನ ಲೆಕ್ಕದಲ್ಲಿ ಆ ಸಂಜೆಯ ಅತ್ಯಂತ ಕಠಿಣ ಕೆಲಸ ಅವರದೇ, ಮತ್ತು ಅವರಿಗೆ ಪ್ರತ್ಯೇಕವಾಗಿ ಒಂದು ಚಪ್ಪಾಳೆಯೂ ಬೀಳಲಿಲ್ಲ.

ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ಇಂಥವರಿಗೆ ನಿಗದಿಯಾದ ಹುದ್ದೆಗಳೇ ಇವೆ. ಅಂಡರ್‌ಸ್ಟಡಿ ಎಂದರೆ ತನ್ನ ಪಾತ್ರದ ಜೊತೆಗೆ ಮುಖ್ಯ ಪಾತ್ರವನ್ನೂ ಕಲಿತಿರುವ ಕಲಾವಿದ. ಸ್ವಿಂಗ್ ಎಂದರೆ ತನಗೆಂದು ಪಾತ್ರವಿಲ್ಲದೆ, ಮೇಳದ ಹಲವರ ಚಲನೆಗಳನ್ನು ಕಲಿತು ಪ್ರತಿದಿನ ಸಿದ್ಧನಾಗಿರುವವನು. 2021ರ ಡಿಸೆಂಬರ್‌ನಲ್ಲಿ, ಕೋವಿಡ್ ಹಾವಳಿಯ ನಡುವೆ, 'ದ ಮ್ಯೂಸಿಕ್ ಮ್ಯಾನ್' ನಾಟಕದ ನಾಯಕಿ ಸಟನ್ ಫಾಸ್ಟರ್ ಅಸ್ವಸ್ಥರಾದಾಗ ಸ್ವಿಂಗ್ ಆಗಿದ್ದ ಕ್ಯಾಥಿ ವೊಯ್ಟ್ಕೊ ಆ ಪಾತ್ರ ಮಾಡಿದರು. ಅಂದು ಮಧ್ಯಾಹ್ನ ಕೆಲಸಕ್ಕೆ ಬಂದಾಗ ಅವರು 8 ಪಾತ್ರಗಳಲ್ಲಿ ಯಾವುದನ್ನಾದರೂ ಮಾಡಬೇಕಾಗಿ ಬರಬಹುದಿತ್ತು ಎಂದು ನಾಯಕ ನಟ ಹ್ಯೂ ಜಾಕ್‌ಮನ್ ಆಟದ ಕೊನೆಗೆ ವೇದಿಕೆಯಲ್ಲೇ ಪ್ರೇಕ್ಷಕರಿಗೆ ತಿಳಿಸಿದರು. ಮುಖ್ಯ ನಟ ಹೀಗೆ ಮುಂದೆ ನಿಂತು ಹೇಳುವುದು ಎಲ್ಲ ತಂಡಗಳಲ್ಲೂ ನಡೆಯಬೇಕಾದ ಕೆಲಸ.

ನಮ್ಮ ಭಾಗಕ್ಕೆ ಈ ಕೌಶಲ ಹೊಸದಲ್ಲ. ದಾವಣಗೆರೆಯ ಚಿಂದೋಡಿ ಮನೆತನದ ಕಂಪನಿಯಂಥ ವೃತ್ತಿ ನಾಟಕ ಕಂಪನಿಗಳು ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ಕ್ಯಾಂಪು ಹಾಕಿ ದಿನವೂ ಆಟ ಆಡುತ್ತಿದ್ದವು. ಒಬ್ಬರು ಹಾಸಿಗೆ ಹಿಡಿದರೆಂದು ಅಂದಿನ ಕಲೆಕ್ಷನ್ ಬಿಡುವಂತಿರಲಿಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಆರಂಭವಾದ ಶಿವಸಂಚಾರವೂ ಪ್ರತಿವರ್ಷ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತದೆ. ಇಂಥ ತಿರುಗಾಟದಲ್ಲಿ ಇನ್ನೊಬ್ಬರ ಮಾತು, ನಡೆ ಗೊತ್ತಿರುವ ಕಲಾವಿದರಿಲ್ಲದೆ ಆಟ ಸಾಗದು.

ಇನ್ನು ಕೊರತೆಗಳು. ಮೈಕು ಮೊದಲ ಅರ್ಧ ಗಂಟೆ ಕಿರುಗುಟ್ಟಿತು. ಅದಕ್ಕಿಂತ ದೊಡ್ಡ ಲೋಪ ಕರಪತ್ರದ್ದು: ಅದರಲ್ಲಿ ಮೂಲ ನಟಿಯ ಹೆಸರೇ ಇತ್ತು, ಬದಲಿ ಕಲಾವಿದೆಯ ಹೆಸರನ್ನು ನಿರ್ದೇಶಕರು ಒಮ್ಮೆ ಹೇಳಿದ್ದು ಗದ್ದಲದಲ್ಲಿ ಕಳೆದುಹೋಯಿತು, ಮೇಳಕ್ಕೆ ಬಂದ ಯುವತಿಯ ಹೆಸರನ್ನು ಯಾರೂ ಹೇಳಲೇ ಇಲ್ಲ. ಬಾಗಿಲ ಬಳಿ ಒಂದು ಕಪ್ಪು ಹಲಗೆ ಇಟ್ಟು ಅಂದಿನ ಪಾತ್ರವರ್ಗವನ್ನು ಸುಣ್ಣದಕಡ್ಡಿಯಲ್ಲಿ ಬರೆದರೂ ಸಾಕಿತ್ತು. ತಂಡ ಮುಂದಿನ ಊರಿಗೆ ಹೋಗುವ ಮೊದಲು ಇದನ್ನು ಸರಿಪಡಿಸಿಕೊಳ್ಳಲಿ. ಟಿಕೆಟ್ ಕೊಳ್ಳುವವರು ಅಂದು ಓಬವ್ವನಾಗಿ ಯಾರೇ ಇರಲಿ, ಧೈರ್ಯವಾಗಿ ಹೋಗಿ ಕೂರಬಹುದು. ಮುಂದಿನ ಸಾಲಿಗಿಂತ ನಡುವಿನ ಸಾಲು ಒಳ್ಳೆಯದು, ಮೇಳದ ಚಲನೆ ಪೂರ್ತಿ ಕಾಣುವುದು ಅಲ್ಲಿಂದಲೇ.