ಹಳೆ ಮಿಯಾಟಾಗೆ ಹೊಸ ಸಸ್ಪೆನ್ಷನ್: ಕೋನಿಯೋ, ಬಿಲ್‌ಸ್ಟೈನೋ, ಅಗ್ಗದ ಕಾಯ್ಲೋವರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೋನಿ ಸ್ಪೋರ್ಟ್‌ಗೆ. ಅದೇ, ಹಳದಿ ಬಣ್ಣದ ಶಾಕ್ (ಸ್ಪ್ರಿಂಗ್‌ನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್). ಅದರ ಜೊತೆಗೆ ಕಾರನ್ನು 25ರಿಂದ 30 ಮಿ.ಮೀ. ಮಾತ್ರ ಇಳಿಸುವ ಸ್ಪ್ರಿಂಗ್. ಮೂರೂ ಬಗೆಯನ್ನು ಹಾಕಿ ಓಡಿಸಿದ ಮೇಲೂ ಈ ಅಭಿಪ್ರಾಯ ಬದಲಾಗಿಲ್ಲ. ಆದರೆ ಯಾವ ಶಾಕ್ ಕೊಂಡರೂ ಕೆಲಸ ಕೆಡಿಸಬಲ್ಲ ಎಂಟು ಬೋಲ್ಟುಗಳು ಈ ಕಾರಿನಲ್ಲಿವೆ. ಈ ಬರಹದ ಅರ್ಧ ಭಾಗ ಅವುಗಳದ್ದೇ.

ಇಲ್ಲಿ ಹೇಳುತ್ತಿರುವುದು ಮಜ್ದಾ ಎಂಎಕ್ಸ್-5 ಮಿಯಾಟಾದ ಮೊದಲ ಎರಡು ತಲೆಮಾರುಗಳ ಬಗ್ಗೆ: 1989ರಲ್ಲಿ ಬಂದ ಎನ್‌ಎ, 1998ರಿಂದ 2005ರವರೆಗಿನ ಎನ್‌ಬಿ. ಜಪಾನಿನಿಂದ ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಲ್ಲಿ ಬರುವುದೂ ಇದೇ ಎನ್‌ಎ. ತೂಕ ಒಂದು ಟನ್ನಿನ ಆಸುಪಾಸು, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್, ಅಂದರೆ ಮೇಲೊಂದು ಕೆಳಗೊಂದು ತೋಳು. ಕಂಪನಿ ಕೊಟ್ಟ ಜ್ಯಾಮಿತಿಯೇ ಚೆನ್ನಾಗಿದೆ. ಇಷ್ಟು ವರ್ಷದಲ್ಲಿ ಸತ್ತಿರುವುದು ಶಾಕ್ ಮತ್ತು ಬುಷ್ (ತೋಳಿನ ಕೀಲಿನಲ್ಲಿರುವ ರಬ್ಬರು).

ಅಗ್ಗದ ಕಾಯ್ಲೋವರ್ ಸೆಟ್ (ಶಾಕ್, ಸ್ಪ್ರಿಂಗ್ ಒಂದೇ ಜೋಡಣೆಯಾಗಿ ಬರುವಂಥದ್ದು) ನೋಡೋಕೆ ಭರ್ಜರಿ. ಕೆಂಪು, ನೀಲಿ, ಚಿನ್ನದ ಬಣ್ಣ, ಬಿಗಿ ಹೊಂದಿಸಲು ಮೂವತ್ತೆರಡು ಕ್ಲಿಕ್, ಎತ್ತರ ಎಷ್ಟು ಬೇಕಾದರೂ ಇಳಿಸಬಹುದು. ಒಳಗಿನ ಬುಷ್ ಹರಿದು ಚಿಂದಿಯಾಗಿರುವ ಕಾರಿಗೆ ಇದನ್ನು ಹಾಕಿದರೆ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಷ್ಟೇ. ಎನ್‌ಎಯ ಮುಂಭಾಗದ ಕಂಪನಿ ಸ್ಪ್ರಿಂಗ್ 3 ಕೆಜಿ/ಮಿ.ಮೀ. ಹತ್ತಿರದ್ದು, ಅಂದರೆ ಒಂದು ಮಿ.ಮೀ. ಒತ್ತಲು 3 ಕೆಜಿ ಭಾರ ಬೇಕು. ಇಂಥ ಸೆಟ್‌ಗಳಲ್ಲಿ ಮುಂದೆ 8, ಹಿಂದೆ 6 ಇರುವುದು ಮಾಮೂಲು. ಅಷ್ಟು ಗಟ್ಟಿ ಸ್ಪ್ರಿಂಗ್ ವಾಪಸ್ ಚಿಮ್ಮುವುದನ್ನು ಹಿಡಿದಿಡುವ ತಾಕತ್ತು ಅಗ್ಗದ ಶಾಕ್‌ಗೆ ಇರುವುದಿಲ್ಲ. ಕ್ಲಿಕ್ ತಿರುಗಿಸುತ್ತಾ ಹೋದರೆ ಮೊದಲ ಹತ್ತರಲ್ಲಿ ಏನೂ ಗೊತ್ತಾಗದು, ಕೊನೆಯ ಐದರಲ್ಲಿ ಬೆನ್ನು ಮುರಿಯುತ್ತದೆ.

ಇನ್ನೊಂದು ತೊಂದರೆ ಇಳಿಸುವ ಚಪಲದ್ದು. ಎನ್‌ಎಯಲ್ಲಿ ಶಾಕ್ ಒಳಗೆ ಹೋಗಲು ಇರುವ ಜಾಗವೇ ಕಡಿಮೆ. 50 ಮಿ.ಮೀ. ಇಳಿಸಿದರೆ ನಿಂತಿರುವ ಕಾರೇ ಬಂಪ್‌ಸ್ಟಾಪ್ (ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ತುಂಡು) ಮೇಲೆ ಕೂತಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರದ ಸ್ಪ್ರಿಂಗ್ ದಿಢೀರನೆ ಕಲ್ಲಾಗಿ ಆ ಮೂಲೆ ಹಿಡಿತ ಬಿಡುತ್ತದೆ. ಮುಂದಾದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಜಾರುತ್ತದೆ, ಹಿಂದಾದರೆ ಹಿಂಭಾಗ ಬೀಸುತ್ತದೆ. ಪರೀಕ್ಷೆ ಮಾಡಲು ಐದು ಪೈಸೆ ಖರ್ಚಿಲ್ಲ. ಶಾಕ್‌ನ ಹೊಳೆಯುವ ಶಾಫ್ಟಿಗೆ ಒಂದು ಪ್ಲಾಸ್ಟಿಕ್ ಟೈ ಬಿಗಿದು, ಶಾಕ್‌ನ ಮೈಗೆ ತಾಗುವಂತೆ ಕೆಳಕ್ಕೆ ತಳ್ಳಿ, ದಿನಾ ಹೋಗುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಟೈ ಮೇಲೇರಿ ಬಂಪ್‌ಸ್ಟಾಪ್‌ಗೆ ಅಂಟಿಕೊಂಡಿದ್ದರೆ ಕಾರು ಅತಿಯಾಗಿ ಇಳಿದಿದೆ ಅಂತ ಅರ್ಥ. ಎನ್‌ಎ ಇರುವವರು ಹಿಂದಿನ ಶಾಕ್‌ಗೆ ಎನ್‌ಬಿಯ ಟಾಪ್ ಮೌಂಟ್ (ಶಾಕ್‌ನ ಮೇಲ್ತುದಿಯನ್ನು ಕಾರಿಗೆ ಹಿಡಿಸುವ ಭಾಗ) ಹಾಕಿದರೆ ಚಲನೆಗೆ ಇನ್ನಷ್ಟು ಜಾಗ ಸಿಗುತ್ತದೆ. ಶಾಕ್ ಹೇಗಿದ್ದರೂ ಬಿಚ್ಚಿರುತ್ತೀರಿ, ಆ ಕೈಯಲ್ಲೇ ಈ ಕೆಲಸವೂ ಆಗಿಹೋಗಲಿ.

ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಊರಲ್ಲಿ ಕಾಯ್ಲೋವರ್‌ನ ಎತ್ತರ ಹೊಂದಿಸುವ ತಿರುಪಿನ ಮರೆಗಳು (ಥ್ರೆಡ್) ಎರಡು ಚಳಿಗಾಲಕ್ಕೆ ಹಿಡಿದುಕೊಳ್ಳುತ್ತವೆ. ಆಮೇಲೆ ಅದು ಎತ್ತರ ಬದಲಾಯಿಸಲಾಗದ ಕಾಯ್ಲೋವರ್.

ಬಿಲ್‌ಸ್ಟೈನ್ ಬಿ6 ಬಗ್ಗೆ ದೂರಿಲ್ಲ. ಗ್ಯಾಸ್ ತುಂಬಿದ ಮೋನೋಟ್ಯೂಬ್ (ಒಂಟಿ ಕೊಳವೆಯ ಶಾಕ್), ತಿರುಗಿಸಲು ಏನೂ ಇಲ್ಲ, ಹಾಕಿ ಮರೆತುಬಿಡಬಹುದು. ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಓಗೊಡುತ್ತದೆ, ಹೆದ್ದಾರಿಯಲ್ಲಿ ಬಂಡೆಯ ಹಾಗೆ ನಿಲ್ಲುತ್ತದೆ. ಆದರೆ ಶಾಕ್‌ನ ನಿಧಾನದ ಚಲನೆಯಲ್ಲೇ ಬಿಗಿ ಜಾಸ್ತಿ. ಕಾಂಕ್ರೀಟ್ ರಸ್ತೆಯ ಪ್ರತಿ ಜೋಡಣೆಯೂ ಬೆನ್ನಿಗೆ ವರದಿ ಒಪ್ಪಿಸುತ್ತದೆ. ಸ್ಪ್ರಿಂಗ್ ಮುಂದೆಂದೂ ಬದಲಾಯಿಸುವುದಿಲ್ಲ ಅನ್ನುವವರಿಗೆ ಸರಿ.

ಕೋನಿಯಲ್ಲಿ ಹೊಂದಿಸಬಹುದಾದದ್ದು ಒಂದೇ, ರಿಬೌಂಡ್, ಅಂದರೆ ಶಾಕ್ ಹಿಗ್ಗುವಾಗಿನ ಬಿಗಿ. ಅದೇ ಸಾಕು. ಶಾಫ್ಟಿನ ತುದಿಗೆ ಗುಬುಟು (ನಾಬ್) ಸಿಕ್ಕಿಸಿ ತಿರುಗಿಸುವುದು, ಅಷ್ಟೇ. ಪೂರ್ತಿ ಮೆತ್ತಗಿನ ಕೊನೆಯಿಂದ ಶುರು ಮಾಡಿ, ಕಾಲು ಸುತ್ತು ಬಿಗಿ ಮಾಡಿ, ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ. ದಿಬ್ಬ ದಾಟಿದ ಮೇಲೆ ಕಾರು ಒಂದೇ ಸಲ ಮೇಲೆದ್ದು ಕೂತರೆ ಅಲ್ಲಿಗೆ ನಿಲ್ಲಿಸಿ. ಎರಡು ಸಲ ತೂಗಾಡಿದರೆ ಇನ್ನೂ ಕಾಲು ಸುತ್ತು. ಸಾಲು ಗುಂಡಿಗಳ ಮೇಲೆ ಹೋಗುವಾಗ ಕಾರು ಕೆಳಕ್ಕೆ ಕುಗ್ಗುತ್ತಾ ಹೋದರೆ ಬಿಗಿ ಅತಿಯಾಗಿದೆ, ಹಿಂದಕ್ಕೆ ಬನ್ನಿ. ಹಿಂದಿನ ಶಾಕ್‌ನ ತುದಿ ಡಿಕ್ಕಿಯೊಳಗಿನ ಹೊದಿಕೆಯ ಹಿಂದೆ ಅಡಗಿರುವುದೊಂದು ರೇಜಿಗೆ. ಮೊದಲ ವಾರ ಹೊದಿಕೆ ತೆಗೆದಿಟ್ಟೇ ಓಡಿಸಿ.

ಈಗ ಆ ಎಂಟು ಬೋಲ್ಟು.

ಪ್ರತಿ ಚಕ್ರದ ಕೆಳಗಿನ ತೋಳು ಒಳಬದಿಯಲ್ಲಿ ಎರಡು ಕ್ಯಾಮ್ ಬೋಲ್ಟುಗಳ ಮೇಲೆ ನಿಂತಿದೆ. ಬೋಲ್ಟಿನ ತಲೆಯ ಬಳಿ ಕೇಂದ್ರ ತಪ್ಪಿದ ಒಂದು ಬಿಲ್ಲೆ ಇದೆ. ಬೋಲ್ಟು ತಿರುಗಿಸಿದರೆ ತೋಳು ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಮುಂದೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ), ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲುವ ಕೋನ), ಹಿಂದೆ ಕ್ಯಾಂಬರ್, ಟೋ (ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎಲ್ಲವೂ ಇವುಗಳಿಂದಲೇ. ಮುಂದಿನ ಟೋ ಮಾತ್ರ ಸ್ಟೀರಿಂಗ್ ಟೈರಾಡ್‌ನಿಂದ. ಈ ಬೋಲ್ಟು ಬುಷ್‌ನ ಒಳಗಿನ ಉಕ್ಕಿನ ಕೊಳವೆಯ ಮೂಲಕ ಹಾದುಹೋಗುತ್ತದೆ. ಬೋಲ್ಟಿಗೂ ಕೊಳವೆಗೂ ನಡುವೆ ಕೂದಲೆಳೆಯಷ್ಟು ಸಂದಿ. ಇಪ್ಪತ್ತೈದು ಚಳಿಗಾಲದ ಉಪ್ಪುನೀರು ಆ ಸಂದಿಗೆ ಇಳಿದು, ತುಕ್ಕು ಉಬ್ಬಿ, ಎರಡೂ ಒಂದೇ ಲೋಹದ ತುಂಡಾಗಿಬಿಟ್ಟಿರುತ್ತವೆ. ಅಮೆರಿಕದ ಮಿಶಿಗನ್, ನ್ಯೂಜೆರ್ಸಿ ಕಡೆ ಹಳೆ ಮಿಯಾಟಾ ಹುಡುಕುತ್ತಿರುವ ನಮ್ಮವರು ಶಾಕ್‌ನ ಬೆಲೆ ಕೇಳುವ ಮೊದಲು ಇದನ್ನು ನೋಡಬೇಕು. ಕ್ಯಾಲಿಫೋರ್ನಿಯಾದ ಒಣ ಹವೆಯ ಕಾರಾದರೆ ಬಹುಮಟ್ಟಿಗೆ ಬಚಾವ್.

ಹಿಡಿದಿದೆಯೋ ಇಲ್ಲವೋ ತಿಳಿಯುವುದು ಸುಲಭ. ಬಿಲ್ಲೆಯ ಈಗಿನ ಜಾಗಕ್ಕೆ ಬಣ್ಣದ ಗುರುತು ಹಾಕಿ. ನಟ್ಟು ಸಡಿಲಿಸಿ, ಬೋಲ್ಟಿನ ತಲೆಗೆ ಸ್ಪ್ಯಾನರ್ ಹಾಕಿ ತಿರುಗಿಸಿ. ತಿರುಗಿದಲ್ಲೇ ನಿಂತರೆ ಸರಿ. ಸ್ವಲ್ಪ ತಿರುಗಿ, ಕೈ ಬಿಟ್ಟ ಕೂಡಲೇ ರಬ್ಬರಿನ ಹಾಗೆ ವಾಪಸ್ ಬಂದರೆ ತಿರುಗುತ್ತಿರುವುದು ಬೋಲ್ಟಲ್ಲ, ಬುಷ್‌ನ ರಬ್ಬರು ಹಿಂಡಿಕೊಳ್ಳುತ್ತಿದೆ. ಆಗ ಉದ್ದ ಪೈಪ್ ಹಾಕಿ ಜೋರು ಮಾಡಿದರೆ ರಬ್ಬರು ಹರಿಯುತ್ತದೆ ಇಲ್ಲವೇ ಬಿಲ್ಲೆ ಸಬ್‌ಫ್ರೇಮಿನ (ತೋಳುಗಳನ್ನು ಹೊತ್ತ ಚೌಕಟ್ಟು) ಅಂಚನ್ನು ತಿನ್ನುತ್ತದೆ. ಅಲೈನ್‌ಮೆಂಟ್ ಅಂಗಡಿಯವರು ಇದನ್ನು ಕಂಡರೆ ಮುಂದಿನ ಟೋ ಒಂದನ್ನೇ ಸರಿಮಾಡಿ, ಮಿಕ್ಕದ್ದು ಬರಲಿಲ್ಲ ಅಂತ ಚೀಟಿ ಕೊಟ್ಟು ಕಳಿಸುತ್ತಾರೆ. ಹೊಸ ಸ್ಪ್ರಿಂಗ್‌ನಿಂದ ಕಾರು ಇಳಿದಾಗ ಟೋ, ಕ್ಯಾಂಬರ್ ಎರಡೂ ಬದಲಾಗಿರುತ್ತವೆ. ಅದನ್ನು ಸರಿಪಡಿಸದೆ ಓಡಿಸಿದರೆ ಯಾವ ಶಾಕ್ ಇದ್ದೂ ಪ್ರಯೋಜನವಿಲ್ಲ.

ತುಕ್ಕು ಬಿಡಿಸುವ ಎಣ್ಣೆ ಮೊದಲ ಮದ್ದು. ಆದರೆ ಕೊಳವೆಯ ಎರಡು ತುದಿ ಬಿಟ್ಟರೆ ಅದು ಒಳಗಿಳಿಯಲು ದಾರಿಯಿಲ್ಲ, ಹಾಗಾಗಿ ನಾಲ್ಕೈದು ದಿನ ಬೆಳಿಗ್ಗೆ, ಸಂಜೆ ಬಿಡಬೇಕು. ನಡುನಡುವೆ ಬೋಲ್ಟನ್ನು ಆಚೀಚೆ ಅಲ್ಲಾಡಿಸಿ. ಗ್ಯಾಸ್ ಟಾರ್ಚಿನಿಂದ ಕಾಯಿಸಿದರೆ ಬೋಲ್ಟಿಗಿಂತ ಮೊದಲು ರಬ್ಬರು ಸುಡುತ್ತದೆ; ಬ್ರೇಕ್ ಪೈಪು, ಪೆಟ್ರೋಲ್ ಪೈಪು ಹತ್ತಿರವೇ ಇರುವುದರಿಂದ ಬುಷ್ ಹೇಗೂ ಬದಲಾಯಿಸುವವರು ಕೂಡ ಈ ದಾರಿಗೆ ಹೋಗದಿರುವುದು ಒಳ್ಳೆಯದು. ಯಾವುದಕ್ಕೂ ಜಗ್ಗದಿದ್ದರೆ ಕೊಯ್ಯುವುದೇ. ರೆಸಿಪ್ರೊಕೇಟಿಂಗ್ ಗರಗಸಕ್ಕೆ ಕಾರ್ಬೈಡ್ ಹಲ್ಲಿನ ಬ್ಲೇಡು ಹಾಕಿ, ಬುಷ್‌ನ ಅಂಚಿಗೂ ಸಬ್‌ಫ್ರೇಮಿನ ಕಿವಿಗೂ ನಡುವೆ ಬೋಲ್ಟನ್ನು ಕತ್ತರಿಸಬೇಕು. ಒಂದು ಬೋಲ್ಟಿಗೆ ಎರಡು ಕಡೆ, ಎಂಟೂ ಹಿಡಿದಿದ್ದರೆ ಹದಿನಾರು ಕೊಯ್ತ. ತೋಳು ಕೆಳಗೆ ಬಂದ ಮೇಲೆ ಹಳೆ ಬುಷ್ ಪ್ರೆಸ್‌ನಲ್ಲಿ ಹೊರತೆಗೆದು ಹೊಸದು ಕೂರಿಸಬೇಕು. ಕತ್ತರಿಸಲು ಶುರು ಮಾಡುವ ಮೊದಲೇ ಬೋಲ್ಟು, ಬಿಲ್ಲೆ, ನಟ್ಟು, ಬುಷ್ ಎಲ್ಲ ಮನೆಗೆ ಬಂದಿರಲಿ. ಇಲ್ಲದಿದ್ದರೆ ಕಾರು ವಾರಗಟ್ಟಲೆ ಸ್ಟ್ಯಾಂಡ್ ಮೇಲೆ ನಿಲ್ಲುತ್ತದೆ.

ಹೊಸ ಬೋಲ್ಟಿನ ನಡುಭಾಗಕ್ಕೆ, ಅಂದರೆ ಕೊಳವೆಯೊಳಗೆ ಕೂರುವಷ್ಟು ಉದ್ದಕ್ಕೆ, ಆಂಟಿ-ಸೀಜ್ (ಲೋಹ ಹಿಡಿದುಕೊಳ್ಳದಂತೆ ತಡೆಯುವ ಪೇಸ್ಟ್) ದಪ್ಪಗೆ ಬಳಿಯಿರಿ. ಬೋಲ್ಟಿನ ಮರೆಗೆ ತಾಗಿಸಬೇಡಿ, ಟಾರ್ಕ್ (ಎಷ್ಟು ಬಿಗಿಯಬೇಕು ಅನ್ನುವ) ಲೆಕ್ಕ ತಪ್ಪುತ್ತದೆ.

ಶಾಕ್ ಬದಲಾಯಿಸುವುದು ಇದರ ಮುಂದೆ ಮಕ್ಕಳಾಟ. ಮುಂದೆ ಬಾಲ್ ಜಾಯಿಂಟ್ ಬಿಡಿಸುವ ಗೋಜಿಗೆ ಹೋಗದೆ ಮೇಲಿನ ತೋಳಿನ ಉದ್ದ ಬೋಲ್ಟನ್ನು ಎಳೆದರೆ ಚಕ್ರದ ಹಬ್ ಹೊರಕ್ಕೆ ವಾಲಿ ದಾರಿ ಬಿಡುತ್ತದೆ. ಬ್ರೇಕ್ ಹೋಸ್ ಮೇಲೆ ಭಾರ ಬೀಳದಂತೆ ಹಬ್ಬಿಗೆ ಹಗ್ಗ ಕಟ್ಟಿ. ಹಳೆ ಜೋಡಣೆ ಬಿಚ್ಚುವ ಮೊದಲು ಟಾಪ್ ಮೌಂಟ್ ಯಾವ ದಿಕ್ಕಿಗಿದೆ ಅಂತ ಗುರುತು ಮಾಡಿ, ತಿರುಚಿ ಕೂರಿಸಿದರೆ ಕೆಳಗಿನ ಬೋಲ್ಟಿನ ತೂತು ಸೇರುವುದಿಲ್ಲ. ಶಾಫ್ಟನ್ನು ಇಕ್ಕಳದಲ್ಲಿ ಹಿಡಿಯಬೇಡಿ, ಒಂದು ಗೀರು ಬಿದ್ದರೂ ಸೀಲ್ ಹೋಗಿ ಎಣ್ಣೆ ಸೋರುತ್ತದೆ. ಕೋನಿಯ ತುದಿ ನಟ್ಟಿಗೆ ಇಂಪ್ಯಾಕ್ಟ್ ಗನ್ ಕೂಡ ಬೇಡ, ಶಾಫ್ಟು ಗರಗರ ತಿರುಗಿ ಒಳಗಿನ ಹೊಂದಾಣಿಕೆ ಕೆಡುತ್ತದೆ.

ರಬ್ಬರ್ ಬುಷ್ ಇರುವ ಯಾವ ಬೋಲ್ಟನ್ನೂ ಕಾರು ಗಾಳಿಯಲ್ಲಿ ತೂಗುತ್ತಿರುವಾಗ ಕೊನೆಯ ಬಿಗಿ ಮಾಡಬಾರದು. ಚಕ್ರದ ಮೇಲೆ ಭಾರ ಕೂತ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ಸುಳ್ಳಾಗುತ್ತದೆ. ಎತ್ತರ ಅಳೆಯುವುದು ನೆಲದಿಂದಲ್ಲ, ಹಬ್ಬಿನ ನಡುವಿನಿಂದ ಫೆಂಡರಿನ ಅಂಚಿಗೆ. ಮುಂದೆ 330 ಮಿ.ಮೀ. ಹತ್ತಿರ, ಹಿಂದೆ ಅದಕ್ಕಿಂತ ಒಂದು ಸೆಂಟಿಮೀಟರ್ ಜಾಸ್ತಿ ಇರಲಿ.

ಅಲೈನ್‌ಮೆಂಟಿಗೆ ಹೋದಾಗ ಓಡಿಸುವವರು ಸೀಟಿನಲ್ಲಿ ಕೂತಿರಬೇಕು, ಹಗುರ ಕಾರಿನಲ್ಲಿ ಒಬ್ಬರ ಭಾರವೂ ಲೆಕ್ಕಕ್ಕೆ ಬರುತ್ತದೆ. ರಸ್ತೆಗೆ ಮುಂದೆ ಕ್ಯಾಂಬರ್ ಮೈನಸ್ 1ರಿಂದ ಮೈನಸ್ 1.3 ಡಿಗ್ರಿ, ಹಿಂದೆ ಮೈನಸ್ 1.5ರ ಮೇಲೆ ಸ್ವಲ್ಪ. ಕ್ಯಾಸ್ಟರ್ 5ರ ಸುತ್ತ, ಎಡ ಬಲ ಒಂದೇ. ಟೋ ಮುಂದೆ ಹೆಚ್ಚುಕಮ್ಮಿ ಸೊನ್ನೆ, ಹಿಂದೆ ಒಟ್ಟು 2 ಮಿ.ಮೀ. ಒಳಕ್ಕೆ. ಹಿಂದಿನ ಟೋ ಹೊರಕ್ಕೆ ಇದ್ದರೆ ಮಳೆಯಲ್ಲಿ ಈ ಕಾರನ್ನು ನಂಬಬೇಡಿ. ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಆಂಟಿರೋಲ್ ಬಾರ್ ಎಲ್ಲ ಆಮೇಲೆ.

ತಿಂಗಳಿಗೆ ಎರಡು ಸಲ ಟ್ರ್ಯಾಕಿಗೆ ಹೋಗುವವರು ದುಬಾರಿ ಕಾಯ್ಲೋವರ್ ಕೊಳ್ಳಲಿ, ಅದು ಬೇರೆಯೇ ಜಾತಿ. ವಾರಕ್ಕೆ ಐದು ದಿನ ಆಫೀಸು, ಭಾನುವಾರ ಘಾಟಿ ರಸ್ತೆ, ಕೈಯಲ್ಲಿ ಲೆಕ್ಕದ ದುಡ್ಡು ಅನ್ನುವವರಿಗೆ ಕೋನಿಯೇ ಸರಿ. ಅಷ್ಟೂ ದುಡ್ಡು ಒಟ್ಟಿಗೆ ಆಗದಿದ್ದರೆ ಈ ವರ್ಷ ಬೋಲ್ಟು, ಬುಷ್, ಅಲೈನ್‌ಮೆಂಟ್ ಮಾಡಿಸಿ, ಶಾಕ್ ಮುಂದಿನ ವರ್ಷಕ್ಕಿರಲಿ. ಈ ಸರದಿಯನ್ನು ತಿರುಗಾಮುರುಗಾ ಮಾಡಿದವರು ಅದೇ ಶಾಕ್ ಅನ್ನು ಎರಡು ಸಲ ಬಿಚ್ಚಬೇಕಾಗುತ್ತದೆ.