ಕೊಡಗಿನ ಮೂರು ವಾಸ್ತವ್ಯ: ಮನೆಯವರಿರುವ ಹೋಂಸ್ಟೇ, ಬಾಡಿಗೆ ಬಂಗಲೆ, ಸಾಲು ಕಾಟೇಜು

ಕೊಡಗಿನಲ್ಲಿ ಎರಡು ಮೂರು ದಿನ ಉಳಿಯಬೇಕೆನ್ನುವವರಿಗೆ ಈಗ ಹೋಟೆಲಿನ ಹೊರತಾಗಿ ಮೂರು ಬಗೆಯ ವ್ಯವಸ್ಥೆಗಳು ಸಿಗುತ್ತವೆ: ಮನೆಯವರು ತಾವು ವಾಸವಾಗಿರುವ ಮನೆಯಲ್ಲೇ ಕೋಣೆ ಕೊಡುವ ಹೋಂಸ್ಟೇ, ಆ್ಯಪ್ ಮೂಲಕ ಇಡಿಯಾಗಿ ಬಾಡಿಗೆಗೆ ಸಿಗುವ ತೋಟದ ಬಂಗಲೆ ಮತ್ತು ಸಾಲಾಗಿ ಕಟ್ಟಿದ ಕಾಟೇಜುಗಳು. ನಾವು ದಂಪತಿ, ಇಬ್ಬರು ಮಕ್ಕಳು ಮತ್ತು 74 ವರ್ಷದ ಅಮ್ಮ, ಹೀಗೆ ಐದು ಜನ ಈ ಮೂರರಲ್ಲೂ ತಲಾ ಮೂರು ರಾತ್ರಿ ಕಳೆದಿದ್ದೇವೆ. ಮೊದಲ ಎರಡರಲ್ಲಿ ಉಳಿದದ್ದು ಬೇರೆ ಬೇರೆ ವರ್ಷಗಳ ಆಗಸ್ಟ್ ಮಳೆಯಲ್ಲಿ, ಮೂರನೆಯದು ಜನವರಿಯ ಬಿಸಿಲಿನಲ್ಲಿ. ಕಾಟೇಜುಗಳಿಗೆ ಮಳೆಗಾಲದ ಪರೀಕ್ಷೆ ಎದುರಾಗಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಮೊದಲೇ ಹೇಳಬೇಕು. ಅಮ್ಮನಿಗೆ ಉಬ್ಬಸವಿರುವುದರಿಂದ ದಿನಕ್ಕೆರಡು ಬಾರಿ ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ, ಕರೆಂಟಿನಿಂದ ನಡೆಯುವ ಯಂತ್ರ) ಬೇಕು. ಅವರು ಮಾಂಸ ತಿನ್ನುವುದಿಲ್ಲ. ನನ್ನ ಹೋಲಿಕೆಗೆ ಈ ಎರಡು ಸಂಗತಿಗಳೇ ಮುಖ್ಯ ಒರೆಗಲ್ಲಾದವು.

ಮೊದಲನೆಯದು ಕಕ್ಕಬ್ಬೆಯ ಕಡೆಯ ಒಂದು ಕಾಫಿ ತೋಟದ ಮನೆ. ಕೋಣೆ ಕಾಯ್ದಿರಿಸಲು ಫೋನ್ ಮಾಡಿದಾಗ ಮನೆಯೊಡತಿಯೇ ಮಾತನಾಡಿ, ಯಾರು ಯಾರು ಬರುತ್ತೀರಿ, ಹಿರಿಯರಿಗೆ ಮೆಟ್ಟಿಲು ಹತ್ತಲಾಗುತ್ತದೆಯೇ, ಊಟದಲ್ಲಿ ಏನು ಆಗುವುದಿಲ್ಲ ಎಂದು ಕೇಳಿಕೊಂಡರು. ನಾನು ನೆಬ್ಯುಲೈಸರ್ ವಿಷಯ ಹೇಳಿದ್ದೆ. ನಾವು ತಲುಪುವಷ್ಟರಲ್ಲಿ ಅಮ್ಮನ ಮಂಚವನ್ನು ಇನ್ವರ್ಟರ್ ಸಂಪರ್ಕವಿರುವ ಪ್ಲಗ್ಗಿನ ಪಕ್ಕಕ್ಕೆ ಸರಿಸಿಟ್ಟಿದ್ದರು. ಆ ಮೂರು ದಿನಗಳಲ್ಲಿ ಮರ ಬಿದ್ದು ಎರಡು ಬಾರಿ ಕರೆಂಟ್ ಹೋಯಿತು. ಅಮ್ಮನಿಗೆ ಅದು ಗೊತ್ತೇ ಆಗಲಿಲ್ಲ. ಸ್ನಾನಕ್ಕೆ ಸೌದೆ ಒಲೆಯ ಹಂಡೆಯ ನೀರು ಬೆಳಗಿನ ಆರು ಗಂಟೆಗೇ ಸಿದ್ಧವಿರುತ್ತಿತ್ತು. ಒಣಗದ ಬಟ್ಟೆಗಳನ್ನು ಅವರೇ ಕೇಳಿ ತೆಗೆದುಕೊಂಡು ಒಲೆಯ ಮೇಲಿನ ಅಟ್ಟದಲ್ಲಿ ಹರವಿದರು.

ಊಟದ ವಿಷಯದಲ್ಲಿ ಈ ಮನೆಗೆ ಸಾಟಿಯಿರಲಿಲ್ಲ. ನಮಗೆ ಕಡುಬುಟ್ಟಿನ (ಅಕ್ಕಿತರಿಯ ಉಂಡೆ ಕಡುಬು) ಜೊತೆ ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕಿದ ಪಂದಿ ಕರಿ, ಅಂದರೆ ಹಂದಿಮಾಂಸದ ಸಾರು, ಬಡಿಸಿದ ರಾತ್ರಿ ಅಮ್ಮನಿಗೆ ಬೇರೆ ಪಾತ್ರೆಯಲ್ಲಿ ಕಳಲೆ ಸಾರು ಮಾಡಿದ್ದರು. ಎಳೆ ಬಿದಿರಿನ ಕಹಿ ಹೋಗಲು ಅದನ್ನು ಹೆಚ್ಚಿ, ನೀರು ಬದಲಿಸುತ್ತ ದಿನಗಟ್ಟಲೆ ನೆನೆಸಿಡಬೇಕು. ಅಂದರೆ ನಾವು ಬರುವ ಮುನ್ನವೇ ನಮ್ಮ ಅಮ್ಮನ ಊಟದ ತಯಾರಿ ಆರಂಭವಾಗಿತ್ತು. ಕೊಡವರ ಪಂಚಾಂಗದ ಮಳೆಗಾಲದ ತಿಂಗಳಾದ ಕಕ್ಕಡ ಮಾಸದ ಹದಿನೆಂಟನೆಯ ದಿನ ನಮ್ಮ ವಾಸ್ತವ್ಯದ ನಡುವೆಯೇ ಬಿದ್ದಿದ್ದರಿಂದ ಮದ್ದು ಸೊಪ್ಪಿನ ರಸದ, ಕಡುನೇರಳೆ ಬಣ್ಣದ ಪಾಯಸವೂ ಸಿಕ್ಕಿತು. ಆ ಸೊಪ್ಪಿನಲ್ಲಿ ಅಂದು ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂಬ ನಂಬಿಕೆಯನ್ನು ಮಕ್ಕಳಿಗೆ ವಿವರಿಸಿದ ಮನೆಯೊಡತಿಯನ್ನು ಅವರು ಹೊರಡುವ ದಿನದವರೆಗೂ ಅಜ್ಜಿ ಎಂದೇ ಕರೆದರು.

ಈ ಮನೆಯ ತೊಂದರೆಗಳೂ ಇದ್ದವು. ರಾತ್ರಿ ಊಟ ಎಂಟಕ್ಕೆ, ಗೇಟು ಒಂಬತ್ತೂವರೆಗೆ ಬಂದ್. ಮರದ ಗೋಡೆಯಾಚೆ ಮಾತು ಕೇಳಿಸುತ್ತಿದ್ದುದರಿಂದ ಮಕ್ಕಳನ್ನು ಸುಮ್ಮನಿರಿಸುವುದೇ ಕೆಲಸವಾಯಿತು. ಸಂಜೆ ಜಗಲಿಯಲ್ಲಿ ಯಜಮಾನರು ಮಾತಿಗೆ ಕುಳಿತರೆ ಎದ್ದು ಹೋಗಲು ಸಂಕೋಚ. ಏಕಾಂತ ಬಯಸಿ ಬರುವ ದಂಪತಿಗೆ ನಾನು ಈ ಮನೆಯನ್ನು ಸೂಚಿಸಲಾರೆ.

ಎರಡನೆಯದು ಸೋಮವಾರಪೇಟೆ ಕಡೆಯ ನಾಲ್ಕು ಕೋಣೆಗಳ ಬಂಗಲೆ. ಚಿತ್ರದಲ್ಲಿ ಕಂಡಂತೆಯೇ ಇತ್ತು, ಒಂದು ಧೂಳಿನ ಕಣವಿರಲಿಲ್ಲ, ಹಾಸಿಗೆಗಳು ಮೊದಲ ಮನೆಗಿಂತ ಎಷ್ಟೋ ಮೇಲು. ಮಕ್ಕಳು ಮನಸಾರೆ ಕೂಗಾಡಿದರು. ನಾವು ಬೇಕಾದ ಹೊತ್ತಿಗೆ ಎದ್ದೆವು. ಮೊದಲ ದಿನ ಇದೇ ಉತ್ತಮ ಆಯ್ಕೆ ಎಂದು ನಾವೆಲ್ಲರೂ ಒಪ್ಪಿದ್ದೆವು.

ಎರಡನೆಯ ರಾತ್ರಿ ಎಂಟಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ಒಂದೂವರೆ ಗಂಟೆಯಲ್ಲಿ ಕೈಕೊಟ್ಟಿತು. ಪಂಪ್ ನಡೆಯದ ಕಾರಣ ನಲ್ಲಿಯೂ ನಿಂತಿತು. ಬೆಂಗಳೂರಿನಲ್ಲಿದ್ದ ಮಾಲೀಕರು ಸಂದೇಶಕ್ಕೆ ಎರಡೇ ನಿಮಿಷದಲ್ಲಿ ಅತ್ಯಂತ ಸೌಜನ್ಯದಿಂದ ಉತ್ತರಿಸಿದರು, ಆದರೆ ಅಲ್ಲಿಂದ ಅವರು ಮಾಡಬಹುದಾದದ್ದು ಏನೂ ಇರಲಿಲ್ಲ. ಇಂಥವೇ ನಾಲ್ಕು ಬಂಗಲೆಗಳನ್ನು ನೋಡಿಕೊಳ್ಳುವ ಕೇರ್‌ಟೇಕರ್ ಮಳೆಯಲ್ಲಿ ಬೈಕಿನಲ್ಲಿ ಬಂದು ತಲುಪಿದಾಗ ಹತ್ತೂವರೆ. ಆತ ಬಾವಿಯಿಂದ ನೀರು ಸೇದಿಕೊಟ್ಟು, ಅಮ್ಮನ ಉಸಿರಾಟ ಕೇಳಿ ಗಾಬರಿಯಾಗಿ, ತನ್ನ ಮನೆಯಲ್ಲಿ ಇನ್ವರ್ಟರ್ ಇದೆ ಎಂದು ನಮ್ಮನ್ನು ಅಲ್ಲಿಗೇ ಕರೆದೊಯ್ದ. ಅಮ್ಮ ಆ ರಾತ್ರಿಯ ನೆಬ್ಯುಲೈಸರ್ ತೆಗೆದುಕೊಂಡದ್ದು ನಾವು ಬಾಡಿಗೆ ಕೊಟ್ಟ ಬಂಗಲೆಯಲ್ಲಿ ಅಲ್ಲ, ಆತನ ಅಡುಗೆಮನೆಯಲ್ಲಿ.

ಹೊರಟ ಮೇಲೆ ಅಂಕ ಕೊಡುವ ಸರದಿ ಬಂತು. ವಾಸ್ತವ್ಯ ಕಾಯ್ದಿರಿಸುವ ಆ್ಯಪ್ ಏರ್‌ಬಿಎನ್‌ಬಿಯಲ್ಲಿ ಸ್ವಚ್ಛತೆ, ವಿವರಗಳ ನಿಖರತೆ, ಚೆಕ್-ಇನ್, ಸಂವಹನ, ಸ್ಥಳ ಮತ್ತು ಹಣಕ್ಕೆ ತಕ್ಕ ಮೌಲ್ಯ ಎಂಬ ಆರು ಅಂಶಗಳಿಗೆ ಅತಿಥಿಗಳು ಅಂಕ ಕೊಡುತ್ತಾರೆ. ಅಲ್ಲಿ ಸೂಪರ್‌ಹೋಸ್ಟ್ (ಉತ್ತಮ ಆತಿಥೇಯ) ಎನಿಸಿಕೊಳ್ಳಲು ಐದಕ್ಕೆ 4.8ರ ಸರಾಸರಿ ಬೇಕು. ನಾವು ಬಳಸಿದ್ದು ಬೇರೆ ಆ್ಯಪ್, ಆದರೆ ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಬಂಗಲೆ ಸ್ವಚ್ಛವಾಗಿತ್ತು, ಚಿತ್ರಗಳು ನಿಜವಾಗಿದ್ದವು, ಮಾಲೀಕರು ತಕ್ಷಣ ಉತ್ತರಿಸಿದ್ದರು. ಪ್ರಾಮಾಣಿಕವಾಗಿ ಕೊಡುತ್ತ ಹೋದರೆ ಎಲ್ಲದಕ್ಕೂ ಒಳ್ಳೆಯ ಅಂಕವೇ ಬಂತು. ಆ ಎರಡೂವರೆ ಗಂಟೆಗಳನ್ನು ಬರೆಯಲು ಆ ಪಟ್ಟಿಯಲ್ಲಿ ಯಾವ ಅಂಕಣವೂ ಇರಲಿಲ್ಲ. ಅತಿಥಿಯ ಅನುಭವವನ್ನು ನಿರ್ಧರಿಸುವುದು ಅಪರಾತ್ರಿಯಲ್ಲಿ ಎಷ್ಟು ದೂರದಲ್ಲಿ ಯಾರಿದ್ದಾರೆ ಎಂಬುದು ಎಂದು ನನಗೆ ಮನವರಿಕೆಯಾದದ್ದು ಆ ಅಂಕಪಟ್ಟಿಯ ಎದುರಿಗೆ. ಕೊನೆಗೆ ವಿಮರ್ಶೆಯ ಜಾಗದಲ್ಲಿ ನಡೆದದ್ದನ್ನೆಲ್ಲ ಬರೆದು, ಕೇರ್‌ಟೇಕರ್ ಉಪಕಾರವನ್ನೂ ಸ್ಪಷ್ಟವಾಗಿ ದಾಖಲಿಸಿದೆ.

ಖರ್ಚಿನ ಲೆಕ್ಕ ಹೀಗಿದೆ. ಹೋಂಸ್ಟೇಯಲ್ಲಿ ದೊಡ್ಡವರಿಗೆ ತಲಾ ₹2,500, ಮಕ್ಕಳಿಗೆ ಅರ್ಧ. ತಿಂಡಿ ಮತ್ತು ರಾತ್ರಿಯ ಊಟ ಸೇರಿ ಮೂರು ದಿನಕ್ಕೆ ₹30,000 ಆಯಿತು. ಬಂಗಲೆಯ ಬಾಡಿಗೆ ದಿನಕ್ಕೆ ₹8,500 ಎಂದು ಅಗ್ಗವಾಗಿ ಕಂಡಿದ್ದರೂ ಸ್ವಚ್ಛತಾ ಶುಲ್ಕ, ಆ್ಯಪಿನ ಸೇವಾಶುಲ್ಕ, ತೆರಿಗೆ ಮತ್ತು ಊಟದ ಹಣ ಸೇರಿದಾಗ ₹40,000 ಮುಟ್ಟಿತು.

ಮಡಿಕೇರಿ ಸಮೀಪದ ಕಾಟೇಜುಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಜನರೇಟರ್ ಇತ್ತು, ಬಿಸಿನೀರಿತ್ತು, ಬಫೆ ಊಟ ಯಾವ ಊರಿನ ಹೋಟೆಲಿನಲ್ಲಾದರೂ ಸಿಗುವಂಥದ್ದು. ನನ್ನ ತಕರಾರು ಅದರ ಬೋರ್ಡಿನ ಬಗ್ಗೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯ ಪ್ರಕಾರ ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಗೆ ಕೊಡುವ ಕೋಣೆಗಳು ಆರನ್ನು ಮೀರಬಾರದು. ಹದಿನಾಲ್ಕು ಕಾಟೇಜುಗಳಿದ್ದು, ಮಾಲೀಕರ ಮುಖವನ್ನೇ ಕಾಣದ ಈ ಜಾಗಕ್ಕೂ ಹೋಂಸ್ಟೇ ಎಂಬ ಹೆಸರೇ ಇತ್ತು. ಆ ಹೆಸರನ್ನು ನಂಬಿ ಮನೆಯೂಟ ಸಿಗುತ್ತದೆಂದು ಬಂದಿದ್ದ ಅಮ್ಮನಿಗೆ ಮೂರು ದಿನವೂ ಪನೀರೇ ಗತಿಯಾಯಿತು.

ಸ್ನೇಹಿತರ ಗುಂಪಿಗೆ, ಅದರಲ್ಲೂ ಮಳೆ ಇಲ್ಲದ ದಿನಗಳಲ್ಲಿ, ಬಂಗಲೆಯೇ ಸರಿ. ಅಮ್ಮ ಜೊತೆಗಿದ್ದರೆ ನಾವು ಕಕ್ಕಬ್ಬೆಗೇ ಹೋಗುತ್ತೇವೆ. ಬರುವ ಆಗಸ್ಟಿಗೂ ಅಲ್ಲಿಯೇ ಕೋಣೆ ಹೇಳಿಟ್ಟಿದ್ದೇವೆ. ಹೊಸ ಜಾಗವಾದರೆ ಹಣ ಕಟ್ಟುವ ಮುನ್ನ ಫೋನ್ ಮಾಡಿ, ರಾತ್ರಿ ಅದೇ ಆವರಣದಲ್ಲಿ ಯಾರು ಮಲಗುತ್ತಾರೆ, ಕರೆಂಟ್ ಹೋದರೆ ನೀರು ಎಲ್ಲಿಂದ ಬರುತ್ತದೆ ಎಂದು ಈಗ ತಪ್ಪದೆ ಕೇಳುತ್ತೇನೆ.