18 ಹಾಕಿಸಿ 17ಕ್ಕೆ ಇಳಿದೆ: ಕ್ರೆಟಾ ಚಕ್ರಗಳ ನಾಲ್ಕು ವರ್ಷದ ಲೆಕ್ಕ

ಒಂದೇ ಗಾಡಿ, ಎರಡು ಸೆಟ್ ಚಕ್ರ. ಮೊದಲು 18 ಇಂಚು ಹಾಕಿಸಿದೆ, 14 ತಿಂಗಳಿಗೆ ಬಿಚ್ಚಿಸಿದೆ. ಆಮೇಲೆ ಹಾಕಿಸಿದ 17 ಇಂಚಿನ ಮೇಲೆ ಈಗ 41,000 ಕಿ.ಮೀ. ಆಗಿದೆ. ಎರಡನ್ನೂ ನಮ್ಮ ರಸ್ತೆಗಳಲ್ಲೇ ಓಡಿಸಿದ್ದರಿಂದ ಹೋಲಿಸಿ ಬರೆಯುತ್ತಿದ್ದೇನೆ.

ಗಾಡಿ 2018ರ ಹ್ಯುಂಡೈ ಕ್ರೆಟಾ, 1.4 ಡೀಸೆಲ್, ಕೆಳಗಿನ ಮಾಡೆಲ್. 16 ಇಂಚಿನ ಸ್ಟೀಲ್ ರಿಮ್, ಅದರ ಮೇಲೊಂದು ಪ್ಲಾಸ್ಟಿಕ್ ಕ್ಯಾಪ್. ಟೈರ್ ಅಳತೆ 205/65 ಆರ್16. ಮನೆ ಧಾರವಾಡ, ಕೆಲಸ ಹುಬ್ಬಳ್ಳಿ, ಹೊಲ ಅಣ್ಣಿಗೇರಿ ಕಡೆ. ಅಂದರೆ ವಾರಕ್ಕೆ ಐದಾರು ದಿನ ಡಾಂಬರು, ಒಂದು ದಿನ ಎರೆ ಮಣ್ಣು. 2021ರಲ್ಲಿ 46,000 ಕಿ.ಮೀ.ಗೆ ಮೂಲ ಟೈರ್ ಸವೆದವು. ಆಗ ನನ್ನ ಭಾವಮೈದ ಗಾಡಿಯ ಸುತ್ತ ಒಂದು ಸುತ್ತು ಹಾಕಿ, "ಪೈಲ್ವಾನಗ ಸಣ್ಣ ಹುಡುಗರ ಚಪ್ಪಲಿ ಹಾಕಿದಂಗ ಕಾಣತೈತ್ರಿ ಮಾವಾ" ಅಂದ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನೋಡಿದಾಗೆಲ್ಲ ಚಪ್ಪಲಿಯೇ ಕಾಣತೊಡಗಿತು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 18 ಇಂಚಿನ ಅಲಾಯ್, 235/50 ಆರ್18 ಟೈರ್ ಹಾಕಿಸಿದೆ. ನಿಜ ಹೇಳಬೇಕಂದ್ರೆ ಮೊದಲ ವಾರ ಖುಷಿಯೋ ಖುಷಿ. ಉಣಕಲ್ ಕೆರೆ ಹತ್ತಿರ ನಿಲ್ಲಿಸಿ ಫೋಟೊ ತೆಗೆದೆ. ಗಾಡಿಯ ನಿಲುವೇ ಬದಲಾಗಿತ್ತು. ತಿರುವಿನಲ್ಲಿ ಸ್ಟೀರಿಂಗ್ ಚುರುಕಾಯಿತು, ಮೈ ವಾಲುವುದು ಕಡಿಮೆಯಾಯಿತು. ಇದನ್ನು ಒಪ್ಪಿಕೊಳ್ಳಲೇಬೇಕು.

ಎರಡನೇ ವಾರ ಬೈಪಾಸಿನಲ್ಲಿ ವೇಗ 90 ದಾಟಿದ ಕೂಡಲೇ ಸ್ಟೀರಿಂಗ್ ನಡುಗತೊಡಗಿತು. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದೆ, ಹೋಗಲಿಲ್ಲ. ಕೊನೆಗೆ ನವನಗರದ ಕಡೆಯ ಒಬ್ಬ ಹಳೇ ಮೆಕ್ಯಾನಿಕ್ ಚಕ್ರ ಬಿಚ್ಚಿ ನಡುವಿನ ತೂತಿಗೆ ಬೆರಳು ಹಾಕಿ ತೋರಿಸಿದರು. ಕ್ರೆಟಾದ ಹಬ್, ಅಂದರೆ ಚಕ್ರ ಕೂರುವ ನಡುವಿನ ಗುಬುಟು, 67.1 ಮಿ.ಮೀ. ಇದೆ. ಹೊರಗಿನ ಅಲಾಯ್‌ಗಳನ್ನು ಹತ್ತಾರು ಗಾಡಿಗಳಿಗೆ ಹೊಂದಲಿ ಎಂದು ದೊಡ್ಡ ತೂತಿಟ್ಟು ಮಾಡುತ್ತಾರೆ, ನನ್ನದು 73.1 ಇತ್ತು. ನಟ್ಟಿನ ಲೆಕ್ಕ 5x114.3, ಅಂದರೆ 114.3 ಮಿ.ಮೀ. ವ್ಯಾಸದ ಸುತ್ತಿನಲ್ಲಿ ಐದು ನಟ್ಟು, ಸರಿಯಾಗಿಯೇ ಹೊಂದಿತ್ತು. ಆದರೆ ನಡುವಿನ ಸಂದು ತುಂಬುವ ಹಬ್ ರಿಂಗ್ ಹಾಕಿರಲಿಲ್ಲ. ಚಕ್ರ ನಟ್ಟಿನ ಮೇಲೆ ಮಾತ್ರ ನಿಂತಿತ್ತು, ಕೂದಲೆಳೆಯಷ್ಟು ಆಚೀಚೆ ಕೂತಿತ್ತು. ನಾಲ್ಕು ರಿಂಗ್ ತರಿಸಿ ಹಾಕಿದ ಮೇಲೆ ನಡುಕ ನಿಂತಿತು. ಚಿಲ್ಲರೆ ಖರ್ಚಿನ ಸಾಮಾನು, ಅಂಗಡಿಯವರು ಬಾಯಿ ಬಿಟ್ಟು ಹೇಳಿರಲಿಲ್ಲ. ನೀವು ಅಲಾಯ್ ಹಾಕಿಸುವುದಾದರೆ ಬಣ್ಣ ಆರಿಸುವ ಮೊದಲು ಇದನ್ನು ಕೇಳಿ.

ಇನ್ನೊಂದು ಕಿರಿಕಿರಿ ಆಫ್‌ಸೆಟ್, ಅಂದರೆ ಹಬ್ಬಿಗೆ ಕೂರುವ ಮುಖ ರಿಮ್ಮಿನ ನಟ್ಟನಡುವಿನಿಂದ ಎಷ್ಟು ಮಿ.ಮೀ. ಆಚೆಗಿದೆ ಅನ್ನುವ ಲೆಕ್ಕ. ಆ ರಿಮ್ಮಿನ ಒಳಗೆ ಇಟಿ 35 ಎಂದು ಬರೆದಿತ್ತು. ಈ ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಚಾಚುತ್ತದೆ. ನೋಡಲು ಗತ್ತು, ಆದರೆ ಹೊಲದಿಂದ ಬರುವಾಗ ಎದ್ದ ಕೆಸರೆಲ್ಲ ಬಾಗಿಲ ಹಿಡಿಕೆಯ ತನಕ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಐದು ಜನ, ಪಾತ್ರೆ, ಬುತ್ತಿ ಸಮೇತ ಹೋದಾಗ ಹಿಂದಿನ ಟೈರ್ ಪ್ರತಿ ಉಬ್ಬಿಗೂ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಿ "ಜರ್ರ್" ಅನ್ನುತ್ತಿತ್ತು. ದಾರಿಯುದ್ದಕ್ಕೂ ಅಮ್ಮ, "ಏನರ ಮುರದೈತೇನೋ ನೋಡು" ಅಂತಲೇ ಇದ್ದರು.

ಈಗ ಮುಖ್ಯ ವಿಷಯ. 205/65 ಅಂದರೆ ಟೈರಿನ ಅಗಲ 205 ಮಿ.ಮೀ., ಅದರ ನೂರಕ್ಕೆ 65ರಷ್ಟು ಪಕ್ಕದ ಗೋಡೆಯ ಎತ್ತರ. ಲೆಕ್ಕ ಹಾಕಿದರೆ 133 ಮಿ.ಮೀ. ರಬ್ಬರು. 235/50ರಲ್ಲಿ ಅದು 117.5. ರಿಮ್ ದೊಡ್ಡದಾಯಿತು, ಗುಂಡಿಯ ಪೆಟ್ಟು ತಿನ್ನುವ ರಬ್ಬರು ಸುಮಾರು 16 ಮಿ.ಮೀ. ಕಡಿಮೆಯಾಯಿತು. ಅಷ್ಟೇ ಅಲ್ವಾ ಅನಿಸಬಹುದು. ನನಗೂ ಅನಿಸಿತ್ತು.

2022ರ ಮಳೆಗಾಲದ ಒಂದು ರಾತ್ರಿ ಹುಬ್ಬಳ್ಳಿಯಲ್ಲಿ ಅಗೆದು ಮುಚ್ಚಿದ ರಸ್ತೆಯೊಂದರಲ್ಲಿ ನೀರು ನಿಂತಿತ್ತು. ವೇಗ 40 ಕೂಡ ಇರಲಿಲ್ಲ. ಮುಂದಿನ ಎಡ ಚಕ್ರ ಕೆಳಗಿಳಿಯಿತು, ಒಂದು "ಧಡ್", ಅಷ್ಟೇ. ಇಳಿದು ನೋಡಿದರೆ ಟೈರಿನ ಗೋಡೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು, ರಿಮ್ಮಿನ ಒಳ ಅಂಚು ಬಾಗಿತ್ತು. ಉಬ್ಬು ಬಂದ ಟೈರಿಗೆ ರಿಪೇರಿ ಇಲ್ಲ, ಒಳಗಿನ ದಾರ ಹರಿದಿರುತ್ತದೆ, ಎಸೆಯಲೇಬೇಕು. ಅದೇ ಅಳತೆಯ ಒಂದೇ ಒಂದು ಟೈರ್ ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಬೆಂಗಳೂರಿನಿಂದ ಬರಲು ಆರು ದಿನ ಬೇಕಾಯಿತು. ರಿಮ್ ಕಾಯಿಸಿ ಬಡಿಸಿದೆ, ಆದರೆ ಅಂಚಿನಿಂದ ವಾರಕ್ಕೆ ನಾಲ್ಕೈದು ಪಾಯಿಂಟ್ ಗಾಳಿ ಹೋಗುತ್ತಲೇ ಇತ್ತು.

ಆ ಆರು ದಿನ ಸ್ಟೆಪ್ನಿಯ ಮೇಲೆ. ಸ್ಟೆಪ್ನಿ ಹಳೇ 16 ಇಂಚಿನದು, ಒಟ್ಟು ವ್ಯಾಸ 673 ಮಿ.ಮೀ. ಉಳಿದವು 692. ಕ್ರೆಟಾದಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ಮುಂದೆ ಒಂದು ಚಿಕ್ಕದು, ಒಂದು ದೊಡ್ಡದು ಇದ್ದರೆ ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ನೇರ ರಸ್ತೆಯಲ್ಲೂ ಸುಮ್ನೆ ತಿರುಗುತ್ತಲೇ ಇರಬೇಕು. ಮರುದಿನ ಬೆಳಿಗ್ಗೆ ಹಿಂದಿನದನ್ನು ಮುಂದಕ್ಕೆ ತಂದು ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿದೆ. ಮಳೆಯಲ್ಲಿ ಆ ರಾತ್ರಿ ಅದಕ್ಕೆ ತಾಳ್ಮೆ ಇರಲಿಲ್ಲ.

ಮೈಲೇಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. 16 ಇಂಚಿನಲ್ಲಿ ಲೀಟರಿಗೆ 18.2 ಬರುತ್ತಿತ್ತು, 18ರಲ್ಲಿ 16.6ಕ್ಕೆ ಇಳಿಯಿತು. ಆದರೆ ಇದರಲ್ಲಿ ಸ್ವಲ್ಪ ಸುಳ್ಳಿದೆ. ಚಕ್ರದ ಸುತ್ತಳತೆ ಸುಮಾರು ನೂರಕ್ಕೆ ಮೂರರಷ್ಟು ಜಾಸ್ತಿಯಾಗಿತ್ತು. ಗಾಡಿ 103 ಕಿ.ಮೀ. ಓಡಿದರೆ ಮೀಟರ್ 100 ಅಂತ ಬರೆಯುತ್ತದೆ. ಸರಿ ಮಾಡಿದರೆ 17.1 ಆಗುತ್ತದೆ. ಉಳಿದ ನಷ್ಟ ತೂಕದ್ದು ಮತ್ತು ಅಗಲದ್ದು. ಅಂಗಡಿಯ ತಕ್ಕಡಿಯಲ್ಲಿ ಟೈರ್ ಸಮೇತ ಒಂದು ಚಕ್ರ 24 ಕೆ.ಜಿ. ಚಿಲ್ಲರೆ ತೂಗಿತು, ಹಳೆಯದು 20ರ ಒಳಗಿತ್ತು. 90 ಪಿಎಸ್ ಎಂಜಿನ್ನಿಗೆ ಇದು ಗೊತ್ತಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ (ಬಸ್ಸಿಗೇ ಬೇರೆ ಪಥವಿರುವ) ದಾರಿಯ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೊರಡುವಾಗ ಗಾಡಿಗೆ ಮೈಭಾರ ಬಂದಂತಿತ್ತು. ಪಕ್ಕದ ಆ ಪಥದಲ್ಲಿ ಚಿಗರಿ ಹೆಸರಿನ ಬಸ್ಸು ತಣ್ಣಗೆ ಮುಂದೆ ಹೋಗುತ್ತಿತ್ತು.

2022ರ ಡಿಸೆಂಬರಿನಲ್ಲಿ ಆ ಸೆಟ್ಟನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿದೆ, ಬಾಗಿದ ರಿಮ್ಮಿನ ವಿಷಯ ಹೇಳಿಯೇ. ಮೇಲಿನ ಮಾಡೆಲ್ ಕ್ರೆಟಾದಿಂದ ಬಿಚ್ಚಿದ ಕಂಪನಿಯದೇ 17 ಇಂಚಿನ ಅಲಾಯ್ ಸೆಟ್ ಹಾವೇರಿಯಲ್ಲಿ ಸಿಕ್ಕಿತು. ಅದಕ್ಕೆ ಕಂಪನಿ ಅಳತೆಯದೇ ಹೊಸ ಟೈರ್, 215/60 ಆರ್17. ಇದರ ಗೋಡೆ 129 ಮಿ.ಮೀ. ನೋಡಿ, ರಿಮ್ ಒಂದು ಇಂಚು ಬೆಳೆದರೂ ರಬ್ಬರು ಕಳೆದುಕೊಂಡಿದ್ದು ಬರೀ ನಾಲ್ಕು ಮಿ.ಮೀ. ಹಬ್ ರಿಂಗ್ ಬೇಡ, ಆಫ್‌ಸೆಟ್ ತಲೆನೋವಿಲ್ಲ, ಉಜ್ಜುವುದಿಲ್ಲ. ಭಾರದ ಸೂಚ್ಯಂಕ 96, ಅಂದರೆ ಒಂದು ಟೈರಿಗೆ 710 ಕೆ.ಜಿ. ಮೂಲ ಟೈರಿನದು 95 ಇತ್ತು. ಮೂಲ ಟೈರಿನ ಸೂಚ್ಯಂಕಕ್ಕಿಂತ ಕೆಳಗಿನದನ್ನು ಮಾತ್ರ ಹಾಕಿಸಬೇಡಿ, ಎಷ್ಟೇ ಅಗ್ಗ ಇರಲಿ.

ಮೂರು ವರ್ಷದ ಅನುಭವ ಇಷ್ಟು. ಗದಗ ರಸ್ತೆಯಲ್ಲಿ ಎರೆ ನೆಲ ಕುಸಿದು ಅಲೆ ಅಲೆಯಾದ ಕಡೆ 18ರಲ್ಲಿ ಬೆನ್ನಿಗೆ ಬಡಿಯುತ್ತಿದ್ದದ್ದು ಇಲ್ಲಿ "ಧುಪ್" ಅಂದು ಮುಗಿಯುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಾಟಿನಲ್ಲಿ ಜೋರು ಮಳೆಯಲ್ಲಿ ಇಳಿದಿದ್ದೇನೆ, ಬ್ರೇಕಿಗೆ ಧೈರ್ಯ ಇದೆ, ಹಳೇ 205ಕ್ಕಿಂತ ಸ್ಪಷ್ಟವಾಗಿ ಚೆನ್ನ. ಮೈಲೇಜ್ 17.6. ಸದ್ದು 30,000 ಕಿ.ಮೀ. ಆದ ಮೇಲೆ ಸ್ವಲ್ಪ ಏರಿದೆ. ಒಂದು ಪಂಕ್ಚರ್, ನವಲೂರ ಹತ್ತಿರ ಮೊಳೆ. ಬಾಗಿದ್ದು, ಉಬ್ಬಿದ್ದು ಇಲ್ಲ. 33 ಪಾಯಿಂಟ್ ಗಾಳಿ ಇಟ್ಟು, 10,000 ಕಿ.ಮೀ.ಗೊಮ್ಮೆ ಚಕ್ರಗಳನ್ನು ಹಿಂದು ಮುಂದು ಮಾಡಿಸುತ್ತೇನೆ.

ಹೊಲದ ದಾರಿಗೆ ಇದರಿಂದ ಏನೂ ಉಪಯೋಗ ಆಗಲಿಲ್ಲ. ಮಳೆ ಬಿದ್ದ ಎರೆ ಮಣ್ಣು ಟೈರಿನ ಗೀರುಗಳಲ್ಲಿ ತುಂಬಿದರೆ ಯಾವ ಟೈರಾದರೂ ಬೋಳು ಟೈರೇ. ಗೆಳೆಯ ದಪ್ಪ ಕಚ್ಚಿನ ಆಲ್ ಟೆರೇನ್ ಟೈರ್ ಹಾಕಿಸಿಕೊಂಡು ಬಂದ, ಅವನೂ ನನ್ನ ಪಕ್ಕದಲ್ಲೇ ಹೂತು ನಿಂತ. ಅಲ್ಲಿಗೆ ಟ್ರ್ಯಾಕ್ಟರೇ ಬೇಕು.

ಕಾಗದದ ಮಾತು ಒಂದಿದೆ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಅದೇ ಗಾಡಿಯ ಮೇಲಿನ ಮಾಡೆಲ್ಲಿಗೆ ಬರುವ ಅಳತೆಯಾದರೆ ಎದೆ ಹಗುರ. ಆದರೂ ವಿಮೆಯಲ್ಲಿ ಅಲಾಯ್ ಸೇರಿಸಿ ಬರೆಸಿದ್ದೇನೆ, ಕಂತು ಸ್ವಲ್ಪ ಹೆಚ್ಚಾಯಿತು.

ಟೈರ್ ತೆಗೆದುಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿ. ನನ್ನದರಲ್ಲಿ 3822 ಇತ್ತು, 2022ರ 38ನೇ ವಾರ ತಯಾರಾದದ್ದು. ಅಂಗಡಿಯವರು ಮೊದಲು ತಂದಿಟ್ಟಿದ್ದು 2020ರದ್ದು, ವಾಪಸ್ ಕಳಿಸಿದೆ. ನಟ್ಟುಗಳನ್ನು ಗನ್ನಿನಿಂದ ಬಿಗಿದು ಬಿಡುತ್ತಾರೆ, 100 ಕಿ.ಮೀ. ಓಡಿದ ಮೇಲೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ನೋಡಿಸಿ.

ಈಗ ಉಳಿದಿರುವ ಕಚ್ಚು ಮೂರೂವರೆ ಮಿ.ಮೀ. ಮುಂದಿನ ಮಳೆಗಾಲಕ್ಕೆ ಮೊದಲು ಬದಲಿಸಬೇಕು, ಅಳತೆ ಇದೇ. ಭಾವಮೈದ ಹೊಸ ಗಾಡಿ ಬುಕ್ ಮಾಡಿದ್ದಾನೆ. ಮೊನ್ನೆ ಫೋನ್ ಮಾಡಿ, "19 ಕುಂದರ್ತಾವೇನ್ರಿ ಮಾವಾ?" ಅಂತ ಕೇಳಿದ.